ಆರನೆಯ ಗುಳಿ

ಪ್ವಾಂತ್ ಲೂಯಿ, ನೋವಾ ಸ್ಕೋಷಾ
೧೦ ನವೆಂಬರ್ ೧೯೯೬

ಪ್ರೀತಿಯ ಲಿಯಾಂದ್ರ್ ಚಿಕ್ಕಪ್ಪನಿಗೆ,

ಮೂರು ಸಲ ಫೋನು ಮಾಡಿದೆ. ಮೊದಲ ಸಲ ನೀವು ಮಲಗಿದ್ದೀರಿ ಎಂದು ರೋಸಾನ್ ಹೇಳಿದಳು. ಎರಡನೆಯ ಸಲ ಸ್ನಾನಕ್ಕೆ ಹೋಗಿದ್ದಿರಿ. ಮೂರನೆಯ ಸಲವೂ ಸ್ನಾನ. "ಮಗಳ ಮನೆಗೆ ಹೋಗಿ ಒಳ್ಳೆ ಮೀನಾಗ್ಬಿಟ್ಟಿದ್ದಾನಲ್ಲೋ ನಿಮ್ಮ ಚಿಕ್ಕಪ್ಪ" ಎಂದು ಅಮ್ಮ ನಗುತ್ತಾಳೆ. ನೀರಿನಿಂದ ಹೊರಗೆ ಬಂದಾಗ ಓದಿಕೊಳ್ಳಿ ಎಂದು ಕಾಗದ ಬರೆಯುತ್ತಿದ್ದೇನೆ.

ವಿಷಯ ಬೋಟಿನ ಎಂಜಿನ್ನಿನದು. ನೀವು ಹೆಡ್ ಬಿಚ್ಚಿ, ವಾಲ್ವುಗಳನ್ನು ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿಕೊಟ್ಟ ಮೇಲೆ ಹೊಗೆ ನಿಂತಿತು, ನೀರು ಸೋರುವುದು ನಿಂತಿತು. ಆದರೆ ಒಂದು ಸದ್ದು ಬಂದಿದೆ. ಟಕ್, ಟಕ್, ಟಕ್. ಮುಚ್ಚಿದ ಬಾಗಿಲನ್ನು ಯಾರೋ ಬೆರಳ ಗಿಣ್ಣಿನಿಂದ ಬಡಿದ ಹಾಗೆ. ಎಂಜಿನ್ ತಣ್ಣಗಿರುವಾಗ ಜೋರು, ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಪೂರ್ತಿ ನಿಲ್ಲುವುದಿಲ್ಲ.

ನಿಜ ಹೇಳಬೇಕೆಂದರೆ, ನೀವು ಧಕ್ಕೆಯಲ್ಲಿ ಮೊದಲ ಸಲ ಚಾಲೂ ಮಾಡಿದ ದಿನವೇ ನನಗದು ಸಣ್ಣಗೆ ಕೇಳಿಸಿತ್ತು. ಆದರೆ ನೀವು ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು, "ಬೆಕ್ಕು ಹಾಲು ಕುಡಿದ ಹಾಗಿದೆ ಕಣೋ" ಎಂದಿರಿ. ನಿಮ್ಮ ಮುಖದಲ್ಲಿ ಅಂಥ ನೆಮ್ಮದಿ ಇತ್ತು. ಮೂವತ್ತು ವರ್ಷದಿಂದ ಈ ಧಕ್ಕೆಯ ಬೋಟುಗಳನ್ನೆಲ್ಲ ಕಿವಿಯಿಂದಲೇ ರಿಪೇರಿ ಮಾಡಿದವರು ಸರಿ ಎಂದ ಮೇಲೆ ನನ್ನ ಕಿವಿಯದೇನು ಎಂದು ಸುಮ್ಮನಾದೆ.

ಲಾಬ್‌ಸ್ಟರ್ ಹಿಡಿಯುವ ಬೋನು ಸಮುದ್ರಕ್ಕೆ ಇಳಿಸುವ ದಿನ ೨೫ಕ್ಕೆ. ಡೆಕ್ಕಿನ ತುಂಬ ಬೋನು ಹೇರಿಕೊಂಡು ಹೊರಟ ಮೇಲೆ ನಡುನೀರಿನಲ್ಲಿ ಎಂಜಿನ್ ನಿಂತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಇದ್ದಿದ್ದರೆ ಏನಾದರೂ ಹೇಳುತ್ತಿದ್ದ. ಈಗ ನೀವೇ ಹೇಳಬೇಕು.

ರೋಸಾನಳ ಮಕ್ಕಳಿಗೆ ಪ್ರೀತಿ.

ನಿಮ್ಮ
ಕ್ಲೋವಿಸ್


ಥಂಡರ್ ಬೇ, ಒಂಟಾರಿಯೋ
೧೭ ನವೆಂಬರ್ ೧೯೯೬

ಪ್ರೀತಿಯ ಕ್ಲೋವಿಸ್,

ನಿನ್ನ ಕಾಗದ ಬಂತು. ನಾನು ಕ್ಷೇಮ. ಇಲ್ಲಿಯ ಸರೋವರ ದೊಡ್ಡದೇ, ಆದರೆ ಉಪ್ಪಿನ ವಾಸನೆ ಇಲ್ಲದ ನೀರನ್ನು ನೋಡಿದರೆ ಯಾರೋ ಅಡುಗೆ ಮರೆತ ಮನೆಯ ಹಾಗೆ ಅನಿಸುತ್ತದೆ.

ಹೆಡ್ಡಿನ ಕೆಲಸವಾದ ಮೇಲೆ ಎಂಜಿನ್ ಸ್ವಲ್ಪ ದಿನ ಮಾತಾಡುತ್ತದೆ. ಹೊಸ ಗ್ಯಾಸ್ಕೆಟ್ ಕೂರಬೇಕು. ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡು, ನಡುವಿನಿಂದ ಶುರು ಮಾಡಿ ಹೊರಗೆ ಹೋಗು. ಆಮೇಲೆ ವಾಲ್ವು ತಳ್ಳುವ ಟ್ಯಾಪೆಟ್ಟಿನ ಗ್ಯಾಪನ್ನು ಮತ್ತೆ ನೋಡು, ಬೋಲ್ಟು ಬಿಗಿದ ಮೇಲೆ ಅದು ಬದಲಾಗುತ್ತದೆ. ಅಷ್ಟಾದರೂ ಬಡಿದರೆ, ಒಂದೊಂದೇ ಇಂಜೆಕ್ಟರಿಗೆ ಡೀಸೆಲ್ ತರುವ ಪೈಪನ್ನು ಸಡಿಲಿಸಿ ನೋಡು. ಯಾವುದನ್ನು ಸಡಿಲಿಸಿದಾಗ ಸದ್ದು ನಿಲ್ಲುತ್ತದೋ ಆ ಮನೆಯಲ್ಲಿ ಕಳ್ಳ ಇದ್ದಾನೆ.

ಇನ್ನೊಂದು. ಹೆಡ್ ನನ್ನ ಶೆಡ್ಡಿನ ಬೆಂಚಿನ ಮೇಲಿದ್ದಾಗ ಇಂಜೆಕ್ಟರ್ ಕೂರುವ ಗುಳಿಗಳನ್ನು ಕೆರೆದು ತೊಳೆಯಲು ನಿನಗೆ ಹೇಳಿದ್ದೆ. ಆರೂ ಆಯಿತಲ್ಲವೆ? ಹಳೆಯ ತಾಮ್ರದ ವಾಷರು ಒಂದು ಒಳಗೇ ಕಚ್ಚಿಕೊಂಡಿದ್ದರೂ ಇಂಜೆಕ್ಟರ್ ಎತ್ತರ ಕೂತು ಬಡಿಯುತ್ತದೆ. ಸುಮ್ಮನೆ ಕೇಳಿದೆ, ಬೇಸರ ಮಾಡಿಕೊಳ್ಳಬೇಡ.

ಫೋನು ಮಾಡಬೇಡ. ಇಲ್ಲಿ ಮಕ್ಕಳದ್ದೇ ಗದ್ದಲ. ಕಾಗದವೇ ವಾಸಿ, ಎರಡು ಸಲ ಓದಬಹುದು.

ನಿನ್ನ ಚಿಕ್ಕಪ್ಪ
ಲಿಯಾಂದ್ರ್


ಪ್ವಾಂತ್ ಲೂಯಿ
೨೩ ನವೆಂಬರ್ ೧೯೯೬

ಚಿಕ್ಕಪ್ಪ,

ಬೋಲ್ಟು ಬಿಗಿ ಮಾಡಿದ್ದಾಯಿತು. ಟ್ಯಾಪೆಟ್ ನೋಡಿದ್ದಾಯಿತು. ಇನ್ನೂ ಬಡಿಯುತ್ತಿದೆ. ಇಂಜೆಕ್ಟರ್ ಪೈಪುಗಳನ್ನು ಸಡಿಲಿಸುತ್ತ ಕೂರಲು ಪುರಸತ್ತಿಲ್ಲ, ಬೋನು ಹೇರುತ್ತಿದ್ದೇವೆ.

ಗುಳಿಗಳನ್ನು ತೊಳೆದೆ ಎಂದು ಆವತ್ತೇ ಹೇಳಿದ್ದೆ. ಕೆಲಸ ಮಾಡಿದವರು ನೀವು. ಬೆಂಚಿನ ಪಕ್ಕ ಚಿಂದಿ ಹಿಡಿದು ನಿಂತವನ ಮೇಲೆ ಅನುಮಾನ ಬರುವುದಾದರೆ ನಾನೇನು ಹೇಳಲಿ?

ಸೋಮವಾರ ಹೊರಡುತ್ತೇವೆ. ಯಾರ್ಮತ್‌ನ ಮೆಕ್ಯಾನಿಕ್ಕನಿಗೆ ಹೇಳಿದ್ದೇನೆ, ಅವನಿಗೂ ಮುಂದಿನ ವಾರದವರೆಗೆ ಬಿಡುವಿಲ್ಲ. ದೇವರಿದ್ದಾನೆ.

ಕ್ಲೋವಿಸ್


ಥಂಡರ್ ಬೇ
೯ ಡಿಸೆಂಬರ್ ೧೯೯೬

'ಎಡ್ನಾ ರೋಸ್' ಬೋಟಿನ ಯಜಮಾನ ಶ್ರೀ ಕ್ಲೋವಿಸ್ ಸರೆಟ್ ಅವರಿಗೆ,

ನೀವು ಕ್ಷೇಮವಾಗಿ ಧಕ್ಕೆಗೆ ಮರಳಿದಿರಿ ಎಂದು ಊರಿನಿಂದ ನನ್ನ ಗೆಳೆಯ ಎವಾರಿಸ್ತ್ ಬರೆದಿದ್ದಾನೆ. ಅದು ತಿಳಿದು ಸಮಾಧಾನವಾಯಿತು. ಬೋನು ಇಳಿಸುವ ದಿನ ನಿಮ್ಮ ವೈರ್‌ಲೆಸ್ಸಿನ ಬಟನ್ನಿನ ಮೇಲೆ ಏನೋ ಬಿದ್ದು ಒತ್ತಿಕೊಂಡಿತ್ತಂತೆ. ನೀವು ಕ್ಯಾಬಿನ್ನಿನಲ್ಲಿ ಆಡಿದ ಮಾತು ಎಲ್ಲ ಬೋಟುಗಳಿಗೂ, ವೈರ್‌ಲೆಸ್ ಇಟ್ಟಿರುವ ಊರಿನ ಎಲ್ಲ ಅಡುಗೆಮನೆಗಳಿಗೂ ಕೇಳಿಸಿತಂತೆ. ಎವಾರಿಸ್ತನಿಗೆ ನನ್ನ ಮೇಲೆ ಬಹಳ ಪ್ರೀತಿ. ಒಂದು ಅಕ್ಷರವನ್ನೂ ಬಿಡದೆ ಬರೆದಿದ್ದಾನೆ. ನಿಮ್ಮ ಆಳು ಬಾಸಿಲ್ ಮೊದಲು ಮಾತಾಡಿದನಂತೆ.

"ಇದು ಹೀಗೇ ಬಡ್ಕೊಳ್ತಾ ಇದ್ರೆ ವಾಪಸ್ ಬರೋದು ಹುಟ್ಟು ಹಾಕ್ಕೊಂಡೇ."

"ಅದನ್ನ ಆ ಕಿವುಡ್ ಮುದುಕನ್ನ ಕೇಳು ಹೋಗು."

"ಮತ್ಯಾಕಣ್ಣ ಅವ್ರಿಗೇ ಕೊಟ್ಟೆ?"

"ಇನ್ನೇನ್ ಮಾಡ್ಲಿ? ಹೆಂಡ್ತಿ ಹೋಗ್ಬಿಟ್ಳು, ಕೈಗೆ ಕೆಲ್ಸ ಇಲ್ಲ, ದಿನಾ ಧಕ್ಕೇಲಿ ಸುತ್ತಾಡ್ತಿರ್ತಾನೆ. ಪಾಪ ಅಂತ ಕೊಟ್ಟೆ. ನಾಯಿಗೆ ಮೂಳೆ ಹಾಕ್ದ ಹಾಗೆ."

ಹಿಂದೆ ಎಂಜಿನ್ನಿನ ಸದ್ದೂ ಬರುತ್ತಿತ್ತಂತೆ, ಟಕ್ ಟಕ್ ಎಂದು. ಇಡೀ ಊರಿಗೆ ಅದು ಕೇಳಿಸಿತು.

ನನ್ನದು ಒಂದೇ ಪ್ರಶ್ನೆ. ನಿನಗೆ ಹೇಗೆ ಗೊತ್ತಾಯಿತು?

(ನೀವು ಎಂದು ಬರೆಯಲು ಕೂತೆ. ನಿನ್ನನ್ನು ಹೆಗಲ ಮೇಲೆ ಹೊತ್ತವನು ನಾನು, ಕೈ ಕೇಳುವುದಿಲ್ಲ.)

ಕಿವಿ ಹೋಗುತ್ತಿರುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಚಿಕ್ಕಮ್ಮ ಬದುಕಿದ್ದಾಗ ಅವಳಿಗೂ ಹೇಳಲಿಲ್ಲ. ಟಿವಿಯ ಸದ್ದು ಜಾಸ್ತಿ ಮಾಡಿದಾಗಲೆಲ್ಲ ಟಿವಿ ಹಳತಾಯಿತು ಎನ್ನುತ್ತಿದ್ದೆ. ದಪ್ಪ ಸದ್ದು ಕೇಳುತ್ತದೆ, ಕ್ಲೋವಿಸ್. ಎಂಜಿನ್ ಓಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಸಣ್ಣ ಸದ್ದುಗಳು ಒಂದೊಂದಾಗಿ ಹೋಗಿಬಿಟ್ಟವು. ಮೊದಲು ಹಕ್ಕಿಗಳದು, ಆಮೇಲೆ ಕೆಟಲಿನದು, ಆಮೇಲೆ ಹೆಂಗಸರ ಮಾತಿನ ಕೊನೆಗಳು. ಊರಲ್ಲಿದ್ದಾಗ ಫೋನಿನಲ್ಲಿ ರೋಸಾನಳ ದನಿ ನನಗೆ ಗೋಣಿಚೀಲದೊಳಗಿನ ಬೆಕ್ಕಿನ ಹಾಗೆ. ಅವಳು ಸುಳ್ಳು ಹೇಳಲಾರಳು ಪಾಪ, ನಾನೇ ಸ್ನಾನ ಎಂದು ಹೇಳಿಸಿದೆ.

ಧಕ್ಕೆಯಲ್ಲಿ ಆ ದಿನ ಸ್ಕ್ರೂಡ್ರೈವರನ್ನು ಕಿವಿಗಿಟ್ಟೆನಲ್ಲ, ಆಗ ನನಗೆ ಕೇಳಿಸಿದ್ದು ರಜಾಯಿಯ ಕೆಳಗಿನ ಗುಡುಗು, ಅಷ್ಟೇ. ಅಂಥ ಹೊತ್ತಿನಲ್ಲಿ ಬೋಟಿನ ಯಜಮಾನನ ಮುಖ ನೋಡುವುದು ನನಗೆ ಅಭ್ಯಾಸವಾಗಿತ್ತು. ಎಂಜಿನ್ನಿನಲ್ಲಿ ಏನಾದರೂ ಇದ್ದರೆ ಯಜಮಾನನ ಹುಬ್ಬಿನಲ್ಲಿ ಗೊತ್ತಾಗುತ್ತದೆ. ನಿನ್ನ ಮುಖ ನೋಡಿದೆ. ನೀನು ನಗುತ್ತಿದ್ದೆ. ಅದಕ್ಕೇ ನಾನು ಬೆಕ್ಕು, ಹಾಲು ಎಂದೆ.

ಈಗ ಊರಿಗೆಲ್ಲ ಗೊತ್ತಾದ ಮೇಲೆ ಮುಚ್ಚಿಡುವುದಕ್ಕೇನೂ ಉಳಿದಿಲ್ಲ. ವಸಂತಕ್ಕೆ ನಾನು ಬರುವುದಿಲ್ಲ. ಶೆಡ್ಡಿನ ಬೀಗದ ಕೈ ಒಡೆದ ಬೋನಿನ ಕೆಳಗಿದೆ. ಹತ್ಯಾರುಗಳನ್ನು ಬೇಕಾದವರಿಗೆ ಕೊಟ್ಟುಬಿಡು. ಎಣ್ಣೆ ಸವರಿ ಇಟ್ಟಿದ್ದೇನೆ.

ಲಿಯಾಂದ್ರ್ ಸರೆಟ್


ಪ್ವಾಂತ್ ಲೂಯಿ
೧೬ ಡಿಸೆಂಬರ್ ೧೯೯೬

ಚಿಕ್ಕಪ್ಪ,

ಮೊದಲಿಗೆ ಒಂದು ಮಾತು. ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಕಿವುಡ ಎಂದದ್ದು ಬಾಯಿಗೆ ಬಂದ ಬೈಗುಳ, ಕುರುಡ ಎಂದೂ ಅನ್ನಬಹುದಿತ್ತು. ಬೈಯಲು ಒಂದು ಕಲ್ಲು ಬೇಕಿತ್ತು, ಕತ್ತಲಲ್ಲಿ ತಡಕಿದಾಗ ಕೈಗೆ ಸಿಕ್ಕಿದ್ದು ಅದು. ಅದು ನಿಮ್ಮ ಮನೆಯ ಗೋಡೆಯಿಂದ ಕಿತ್ತು ಬಂದ ಕಲ್ಲು ಎಂದು ನಿಮ್ಮ ಕಾಗದ ಓದಿದ ಮೇಲೆ ತಿಳಿಯಿತು.

ಬಟನ್ ಒತ್ತಿದ್ದು ಟೀ ಫ್ಲಾಸ್ಕು. ಅಲೆಗೆ ಉರುಳಿ ಮೈಕಿನ ಮೇಲೆ ಬಿದ್ದಿತ್ತು. ನನ್ನ ಬಟನ್ ಒತ್ತಿಕೊಂಡಿರುವ ತನಕ ಬೇರೆ ಯಾರೂ ಮಾತಾಡಲಾರರು. ಎಲ್ಲರೂ ಕೇಳಿಸಿಕೊಳ್ಳಲೇಬೇಕಾಯಿತು. ಕೊನೆಗೆ ಆಲ್ಫೇ ತನ್ನ ಬೋಟನ್ನು ಪಕ್ಕಕ್ಕೆ ತಂದು, ಕೈಯಿಂದ ಬಾಯಿ ಮುಚ್ಚಿಕೊಂಡು ತೋರಿಸಿದ. ಇವನೇಕೆ ಹೀಗೆ ಕುಣಿಯುತ್ತಿದ್ದಾನೆ ಎಂದು ನಾವು ನಗುತ್ತಿದ್ದೆವು.

ಧಕ್ಕೆಗೆ ಮರಳಿದಾಗ ಹಗ್ಗ ಹಿಡಿಯಲು ಜನ ಇದ್ದರು. ಎಲ್ಲರೂ ಹಗ್ಗ ಹಿಡಿದರು, ಯಾರೂ ನನ್ನ ಮುಖ ನೋಡಲಿಲ್ಲ. ಮನೆಗೆ ಹೋದರೆ ಅಮ್ಮ ಆಲೂಗಡ್ಡೆ ತುರಿದು ರಾಪ್ಯುರ್ ಮಾಡಿಟ್ಟಿದ್ದಳು, ನನ್ನ ತಟ್ಟೆಗೆ ಬಡಿಸಿ, ಅಡುಗೆಮನೆಯ ವೈರ್‌ಲೆಸ್ಸಿನ ಮೇಲೆ ಒಂದು ಬಟ್ಟೆ ಹೊದಿಸಿ ಒಳಗೆ ಹೋದಳು. ಮನೆಯಲ್ಲಿ ಯಾರಾದರೂ ಸತ್ತಾಗ ಕನ್ನಡಿಗೆ ಹೊದಿಸುತ್ತಾಳಲ್ಲ, ಹಾಗೆ.

ಎಂಜಿನ್ ಈಗ ಸರಿಯಾಗಿದೆ. ಯಾರ್ಮತ್‌ನವನು ಬಂದು ನೋಡಿದ. ಏನೋ ಸಣ್ಣದು. ಅದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ, ಮುಗಿದ ಕಥೆ.

ಹತ್ಯಾರು ಯಾರಿಗೂ ಕೊಡುವುದಿಲ್ಲ. ವಸಂತಕ್ಕೆ ನೀವು ಬರಲೇಬೇಕು. ಕ್ಷಮಿಸಿ ಎಂದು ಬರೆಯಲು ಮೂರು ಹಾಳೆ ಹರಿದೆ. ಇದರಲ್ಲೂ ಅದು ಸರಿಯಾಗಿ ಬಂದಿಲ್ಲ.

ಕ್ಲೋವಿಸ್


ಥಂಡರ್ ಬೇ
೫ ಜನವರಿ ೧೯೯೭

ಪ್ರೀತಿಯ ಕ್ಲೋವಿಸ್,

ಹೊಸ ವರ್ಷದ ಶುಭಾಶಯ. ನಿನಗೆ ಗೊತ್ತಿರಲಿಲ್ಲ ಎಂದು ನಂಬಿದೆ. ನಂಬಿದ ಮೇಲೆ ನಗು ಬಂತು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ನಾನೇ ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ ಕಳಿಸಿದ್ದೇನೆ!

ಆದರೆ ಒಂದು ಕೇಳುತ್ತೇನೆ, ದಯವಿಟ್ಟು ಹೇಳು. ಆ 'ಏನೋ ಸಣ್ಣದು' ಯಾವುದು? ಇಲ್ಲಿ ನನಗೆ ಬೇರೆ ಕೆಲಸವಿಲ್ಲ. ಕಿಟಕಿಯ ಹತ್ತಿರ ಕೂತು ಮನಸ್ಸಿನಲ್ಲೇ ನಿನ್ನ ಹೆಡ್ಡನ್ನು ಬಿಚ್ಚುತ್ತೇನೆ, ಜೋಡಿಸುತ್ತೇನೆ. ವಾಲ್ವು ಕೂರಿಸಿದ್ದು ಸರಿಯಿತ್ತು. ಬೋಲ್ಟು ಸರಿಯಿತ್ತು. ಟ್ಯಾಪೆಟ್ಟಿನ ಗ್ಯಾಪು ಬ್ಲೇಡಿನಿಂದ ಅಳೆದದ್ದು, ಅದಕ್ಕೆ ಕಿವಿ ಬೇಕಿಲ್ಲ. ಎಲ್ಲಿ ಎಡವಿದೆ? ಒಂದು ಬೋಲ್ಟು ಮರೆತೆನೆ? ನನ್ನ ಕೈಯೂ ಹೋಯಿತೆ? ಯಾವುದೆಂದು ಗೊತ್ತಾದರೆ ಅದನ್ನು ಕೆಳಗಿಟ್ಟು ಮಲಗಬಹುದು.

ಕಿವಿ ಹೋದದ್ದನ್ನು ಮುಚ್ಚಿಟ್ಟೆನಲ್ಲ, ಕೈ ಹೋದದ್ದನ್ನಾದರೂ ಮುಚ್ಚಿಡಬಾರದು ಎಂದುಕೊಂಡೆ. ಕಳೆದ ವರ್ಷ, ನಿನ್ನ ಚಿಕ್ಕಮ್ಮ ಹೋಗುವ ಮೊದಲು, ನಾನು ಎಂಜಿನ್ ಕೆಲಸ ಮಾಡಿಕೊಟ್ಟ ಉಳಿದ ಮೂವರಿಗೂ ಕಾಗದ ಬರೆದಿದ್ದೇನೆ. ಆಲ್ಫೇಗೂ ಬರೆದೆ. ನನಗೆ ಕಿವಿ ಕೇಳಿಸುವುದಿಲ್ಲ, ಕ್ಲೋವಿಸನ ಎಂಜಿನ್ನಿನಲ್ಲಿ ತಪ್ಪು ಮಾಡಿದೆ, ನಿಮ್ಮದನ್ನೂ ಬೇರೆಯವರಿಗೆ ತೋರಿಸಿಬಿಡಿ ಎಂದು. ನಡು ಹಂಗಾಮಿನಲ್ಲಿ ಅವರ ಬೋಟು ನಿಲ್ಲಿಸುವುದು ಸಣ್ಣ ಮಾತಲ್ಲ. ಆದರೆ ನಡುನೀರಿನಲ್ಲಿ ನಿಲ್ಲುವುದಕ್ಕಿಂತ ವಾಸಿ.

ರೋಸಾನ್ ಕಿವಿಯ ಯಂತ್ರ ತಂದುಕೊಟ್ಟಿದ್ದಾಳೆ. ಚಮಚ ಬಿದ್ದರೆ ಕಿಟಕಿ ಒಡೆದ ಹಾಗಿರುತ್ತದೆ. ಡಬ್ಬಿಯಲ್ಲಿಟ್ಟಿದ್ದೇನೆ.

ನಿನ್ನ ಚಿಕ್ಕಪ್ಪ
ಲಿಯಾಂದ್ರ್


ಪ್ವಾಂತ್ ಲೂಯಿ
೧೪ ಜನವರಿ ೧೯೯೭

ಚಿಕ್ಕಪ್ಪ,

ನಿಮ್ಮ ಕಾಗದ ಬರುವ ಮೊದಲೇ ಆಲ್ಫೇಗೆ ಅವನದು ಬಂದಿತ್ತು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಧಕ್ಕೆಗೆ ಬಂದು ನನಗೆ ಓದಿಸಿದ. "ಎಂಥಾ ಮನುಷ್ಯ ನೋಡೋ ನಿಮ್ಮ ಚಿಕ್ಕಪ್ಪ. ತನ್ನ ಮೂಗನ್ನ ತಾನೇ ಕೊಯ್ಕೊಂಡು ನಮ್ಮ ಕೈಲಿಟ್ಟಿದ್ದಾನೆ" ಎಂದ. ನಾನು ಹೌದು ಎಂದೆ. ಬೇರೇನೂ ಹೇಳಲಿಲ್ಲ. ಅವನು ಎಂಜಿನ್ ಬಿಚ್ಚಿಸಿದ. ಉಳಿದಿಬ್ಬರೂ ಬಿಚ್ಚಿಸಿದರು. ಮೂರರಲ್ಲೂ ಏನೂ ಇರಲಿಲ್ಲ. ಯಾರ್ಮತ್‌ನವನು, "ಇದನ್ನ ಕಟ್ಟಿದೋನು ಯಾರು? ನಮ್ಮಲ್ಲಿಗೆ ಬರ್ತಾನಾ ಕೇಳಿ" ಎಂದನಂತೆ.

ನಿಮ್ಮ ಕೈಗೆ ಏನೂ ಆಗಿಲ್ಲ.

ಈ ಲಕೋಟೆಯಲ್ಲಿ ಒಂದು ವಾಷರು ಇಟ್ಟಿದ್ದೇನೆ. ಮಸಿ ಹಿಡಿದು ಕಪ್ಪಾಗಿದೆ, ಗುಳಿಯ ತಳವೇ ಅನ್ನುವ ಹಾಗೆ ಕಚ್ಚಿಕೊಂಡಿತ್ತು. ಆರನೆಯ ಗುಳಿಯಲ್ಲಿ. ಅದರ ಮೇಲೆ ನೀವು ಹಾಕಿದ ಹೊಸದು ಇತ್ತು. ಒಂದು ಇರಬೇಕಾದಲ್ಲಿ ಎರಡು. ಅಷ್ಟೇ ಆ 'ಸಣ್ಣದು'.

ಗುಳಿ ತೊಳೆಯುವ ಮಧ್ಯಾಹ್ನ ಬಾಸಿಲ್ ಬಂದು, ಜಿಂಕೆ ಹೊಡೆದಿದ್ದೇನೆ, ಎಳೆದು ತರಲು ಕೈ ಬೇಕು ಎಂದ. ಐದು ಮುಗಿಸಿದ್ದೆ. ಆರನೆಯದು ಬಂದ ಮೇಲೆ ಮಾಡಿದರಾಯಿತು ಎಂದು ಹೋದೆ. ಸಂಜೆ ನೀವು ಕೇಳಿದಿರಿ, "ಆರೂ ಆಯ್ತೇನೋ?" ಎಂದು. ಆಯ್ತು ಚಿಕ್ಕಪ್ಪ ಎಂದೆ. ಆಗ ಆಗಿದೆ ಎಂದೇ ಅನಿಸಿತ್ತು. ಇಲ್ಲ, ಇದೂ ಸುಳ್ಳು. ಅನಿಸಿರಲಿಲ್ಲ. ಕೈಯಲ್ಲಿ ಜಿಂಕೆಯ ರಕ್ತವಿತ್ತು, ಹಸಿವಾಗಿತ್ತು, ಒಂದು ಗುಳಿಯಿಂದ ಏನಾದೀತು ಎನಿಸಿತ್ತು. ನವೆಂಬರಿನಲ್ಲಿ ನೀವು ಕಾಗದದಲ್ಲಿ ಕೇಳಿದಾಗ ನನಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ.

ಇನ್ನೂ ಒಂದಿದೆ. ಯಾರ್ಮತ್‌ನವನು ಕೊಕ್ಕೆಯ ತುದಿಗೆ ಎರಡೂ ವಾಷರು ಸಿಕ್ಕಿಸಿ ಹೊರಗೆ ತೆಗೆದು, "ಇದನ್ನ ತೊಳೆದ ಪುಣ್ಯಾತ್ಮ ಯಾರು?" ಎಂದು ನಕ್ಕ. ಬಾಸಿಲ್ ಪಕ್ಕದಲ್ಲೇ ಇದ್ದ. ನಾನು, "ಚಿಕ್ಕಪ್ಪ" ಎಂದೆ. ವೈರ್‌ಲೆಸ್ಸಿನಲ್ಲಿ ಅಂದದ್ದು ಸಿಟ್ಟಿನಲ್ಲಿ, ಬಟನ್ ಒತ್ತಿದ್ದು ಗೊತ್ತಿಲ್ಲದೆ. ಇದನ್ನು ಗೊತ್ತಿದ್ದೇ ಹೇಳಿದೆ, ತಣ್ಣಗೆ, ಟೀ ಕುಡಿಯುತ್ತ.

ಮೊನ್ನೆ ಬೆಳಿಗ್ಗೆ, ಎಲ್ಲ ಬೋಟುಗಳೂ ಹೊರಬಿದ್ದು, ಅಡುಗೆಮನೆಗಳಲ್ಲೆಲ್ಲ ವೈರ್‌ಲೆಸ್ ಹಚ್ಚಿರುವ ಹೊತ್ತಿಗೆ ಬಟನ್ ಒತ್ತಿದೆ. ಈ ಸಲ ಬೆರಳಿನಿಂದ. "ನಾನು ಎಡ್ನಾ ರೋಸ್‌ನಿಂದ ಕ್ಲೋವಿಸ್. ನನ್ನ ಎಂಜಿನ್ ಬಡಿದದ್ದು ನನ್ನಿಂದ. ಆರನೇ ಗುಳಿ ನಾನು ತೊಳೀಲಿಲ್ಲ, ತೊಳೆದೆ ಅಂತ ಚಿಕ್ಕಪ್ಪಂಗೆ ಸುಳ್ಳು ಹೇಳ್ದೆ. ಅವ್ರದೇನೂ ತಪ್ಪಿಲ್ಲ. ಯಾರ್ಮತ್‌ನೋನಿಗೆ ಅವ್ರ ಹೆಸ್ರು ಹೇಳಿದ್ದೂ ನಾನೇ." ಅಷ್ಟು ಹೇಳಿ ಮುಗಿಸಿದೆ. ಬಟನ್ ಮಾತ್ರ ಒತ್ತಿಯೇ ಇದ್ದೆ. ಬಿಟ್ಟಾಗ ಗೊರಗೊರ. ಆಮೇಲೆ ಆಲ್ಫೇಯ ದನಿ. "ಕೇಳಿಸ್ತು ಕಣೋ. ಇನ್ನು ಬಟನ್ ಬಿಟ್ಟೇ ಇರು, ಹವಾಮಾನ ಕೇಳ್ಬೇಕು."

ಮನೆಗೆ ಬಂದಾಗ ವೈರ್‌ಲೆಸ್ಸಿನ ಮೇಲಿನ ಬಟ್ಟೆ ಇರಲಿಲ್ಲ. ಅಮ್ಮ, "ಅವನಿಗೆ ಬರೆದ್ಯಾ?" ಎಂದಳು, ಅಷ್ಟೇ.

ಬರೆದಿದ್ದೇನೆ.

ಕ್ಲೋವಿಸ್


ಥಂಡರ್ ಬೇ
೨೪ ಜನವರಿ ೧೯೯೭

ಕ್ಲೋವಿಸ್,

ಲಕೋಟೆ ಬಿಚ್ಚಿದಾಗ ವಾಷರು ಜಾರಿ ನೆಲಕ್ಕೆ ಬಿತ್ತು. ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ರೋಸಾನ್ ತಿರುಗಿ ನೋಡಿದಳು, ಅದರಿಂದ ಗೊತ್ತಾಯಿತು.

ಕಾಗದ ಎರಡು ಸಲ ಓದಿದೆ. ಸಿಟ್ಟು ಬಂತು. ನಿನ್ನ ಅಪ್ಪ ಇದ್ದಿದ್ದರೆ ನಿನ್ನನ್ನು ಧಕ್ಕೆಯಿಂದ ನೀರಿಗೆ ತಳ್ಳುತ್ತಿದ್ದ, ಆಮೇಲೆ ಹಗ್ಗ ಎಸೆಯುತ್ತಿದ್ದ. ನಾನು ಮೂವರ ಬೋಟು ನಿಲ್ಲಿಸಿದೆ, ನೀನು ಬಾಯಿ ಬಿಡಲಿಲ್ಲ. ಅದು ಜಿಂಕೆಯ ದಿನದ ಸುಳ್ಳಿಗಿಂತ ದೊಡ್ಡದು. ನಿನಗೂ ಗೊತ್ತು, ಅದಕ್ಕೇ ಇನ್ನು ಹೇಳುವುದಿಲ್ಲ.

ಆದರೆ ಆರನೆಯ ಗುಳಿಯೊಳಗೆ ಒಮ್ಮೆ ಬೆರಳಾಡಿಸಿ ನೋಡದೆ ಹೊಸ ವಾಷರು ಇಳಿಸಿದವನು ನಾನು. ನನ್ನ ಕೈ ಸರಿಯಿದೆ ಎಂದು ನೀನು ಬರೆದದ್ದು ಪೂರ್ತಿ ನಿಜವಲ್ಲ. ಆ ಪಾಲು ನನಗಿರಲಿ.

ಇನ್ನು, ನಾಯಿಗೆ ಮೂಳೆ ಹಾಕಿದ ಹಾಗೆ ಎಂದದ್ದು. ಎರಡು ಕಾಗದದಲ್ಲೂ ನೀನು ಆ ಮಾತಿನ ಹತ್ತಿರ ಹೋಗಿಲ್ಲ. ಹಿಂದಕ್ಕೆ ತೆಗೆದುಕೊಳ್ಳಬೇಡ. ಪಾಪ ಎಂದೇ ಕೊಟ್ಟಿರಬೇಕು. ನಾನೂ ಹಾಗೆಂದು ಗೊತ್ತಿದ್ದೇ ತೆಗೆದುಕೊಂಡೆ. ನಿನ್ನ ಚಿಕ್ಕಮ್ಮ ಹೋದ ಮೇಲೆ ಶೆಡ್ಡಿನ ಬಾಗಿಲು ತೆರೆಯಲು ನನಗೊಂದು ನೆಪ ಬೇಕಿತ್ತು.

ಹಿಮ ಕರಗಿದ ಮೇಲೆ ಬರುತ್ತೇನೆ. ಕಿವಿಯ ಯಂತ್ರ ಡಬ್ಬಿಯಿಂದ ಹೊರಗೆ ಬಂದಿದೆ, ಊಟದ ಹೊತ್ತು ಬಿಟ್ಟು ಉಳಿದ ಹೊತ್ತು ಹಾಕಿಕೊಳ್ಳುತ್ತೇನೆ. ಎಂಜಿನ್ನಿನ ಮುಂದೆ ಅದು ಬರೀ ಕಿರುಚುತ್ತದಂತೆ. ಆದ್ದರಿಂದ ಕೆಲಸ ನನ್ನದು, ಕಿವಿ ನಿನ್ನದು. ಚಾಲೂ ಮಾಡುವಾಗ ನೀನು ನನ್ನ ಮುಖ ನೋಡಬೇಡ. ನಾನು ನಿನ್ನ ಮುಖ ನೋಡುತ್ತಿರುತ್ತೇನೆ. ಸುಮ್ಮಸುಮ್ಮನೆ ನಗಬೇಡ.

ವಾಷರು ಕಿಟಕಿಯ ಮೇಲಿದೆ.

ನಿನ್ನ ಚಿಕ್ಕಪ್ಪ
ಲಿಯಾಂದ್ರ್